ಯೋಧನ ಎದೆಯ ಮೇಲೆ ಮೀನು

ಜಪಾನೀ ಭಾಷೆ ಬರುತ್ತದೆ ಎಂದು ಆ ಕಾಲದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸುಳ್ಳೇಕೆ ಹೇಳಲಿ, ಸ್ವಲ್ಪವಲ್ಲ, ಧಾರಾಳವಾಗಿಯೇ ಇತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಇಂಗ್ಲಿಷ್ ಬಲ್ಲವರು ಅಂಗಡಿಗೊಬ್ಬರು ಸಿಗುತ್ತಿದ್ದರು, ಜಪಾನೀ ಬಲ್ಲವಳು ಮಾತ್ರ ನಾನೊಬ್ಬಳೇ. ದಂಡು ಪ್ರದೇಶದ ಕಡೆ ಒಂದು ಸಂಜೆ ತರಗತಿಗೆ ನಾಲ್ಕು ವರ್ಷ ಎರಡೆರಡು ಬಸ್ಸು ಹತ್ತಿ ಹೋಗಿ ಕಲಿತಿದ್ದೆ. ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ರಿವೆಟ್ ಹೊಡೆದು ನಿವೃತ್ತರಾಗಿದ್ದ ಅಪ್ಪ, "ಇದನ್ನ ಕಲ್ತು ಯಾರ ಹತ್ರ ಮಾತಾಡ್ತೀಯಾ ಯಮುನಾ?" ಎಂದು ಕೇಳುತ್ತಲೇ ಇದ್ದರು. ೧೯೯೭ರಲ್ಲಿ ಕೆ.ಆರ್. ಪುರಂ ದಾಟಿದ ಮೇಲೆ ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ ಜಪಾನಿನ ಕಂಪನಿಯೊಂದು ಬೇರಿಂಗ್ ಕಾರ್ಖಾನೆ ಕಟ್ಟತೊಡಗಿತು. ನಾನು ಅಲ್ಲಿ ದುಭಾಷಿಯಾಗಿ ಸೇರಿಕೊಂಡೆ. ಅಪ್ಪ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಮರುವರ್ಷ ಜನವರಿಯಲ್ಲಿ ಕುಸಾನೋ ಬಂದರು. ಅರವತ್ತು ದಾಟಿದ ಶಿಲ್ಪಿ. ಕುಳ್ಳ ದೇಹ, ಬಡಗಿಯಂಥ ದಪ್ಪ ಬೆರಳು, ಒಂದು ಮಾತಾಡಿದರೆ ಹತ್ತು ನಿಮಿಷ ವಿಶ್ರಾಂತಿ. ಕಾರ್ಖಾನೆಯ ಮುಂದೆ ಅವರ ದೇಶದ ಯೋಧನೊಬ್ಬನ ಪ್ರತಿಮೆ ನಿಲ್ಲಿಸಬೇಕು, ಮಾರ್ಚ್ ಕೊನೆಯಲ್ಲಿ ಟೋಕಿಯೋದಿಂದ ಬರುವ ಅಧ್ಯಕ್ಷರು ಅದನ್ನು ಅನಾವರಣ ಮಾಡಬೇಕು ಎಂದು ತೀರ್ಮಾನವಾಗಿತ್ತು. ಕಲ್ಲು ನಮ್ಮದೇ, ಕೋಲಾರದ ಕಡೆಯ ಬೂದು ಕಲ್ಲು. ತಗಡಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿಕೊಂಡು ಕುಸಾನೋ ಒಂದು ತಿಂಗಳಲ್ಲಿ ಒಳಗಿದ್ದವನನ್ನು ಹೊರಗೆ ತಂದರು.

ನಾನು ಕುದುರೆ ಮೇಲೆ ಕತ್ತಿ ಎತ್ತಿದವನನ್ನು ನಿರೀಕ್ಷಿಸಿದ್ದೆ. ಇವನು ನೆಲಕ್ಕೆ ಬಿದ್ದವನು. ಒಂದು ಮೊಣಕಾಲು ಇನ್ನೂ ಮಣ್ಣಿನಲ್ಲಿದೆ, ಒಂದು ಅಂಗೈ ನೆಲವನ್ನು ಒತ್ತಿದೆ, ಇನ್ನೊಂದು ಪಾದ ಊರಿದೆ, ತಲೆ ಮೇಲೆದ್ದಿದೆ. ಕತ್ತಿ ಒರೆಯಲ್ಲೇ ಇದೆ. ಎದೆಯ ಕವಚದ ಮೇಲೆ ವೀಳ್ಯದೆಲೆ ಜೋಡಿಸಿಟ್ಟಂತೆ ಸಾಲು ಸಾಲು ಸಣ್ಣ ಹಲಗೆಗಳು. "ಇವನು ಸೋತಿದ್ದಾನೆ. ಆದರೆ ಕೊಟ್ಟ ಮಾತು ಬಿಟ್ಟಿಲ್ಲ, ಅದಕ್ಕೇ ಏಳುತ್ತಿದ್ದಾನೆ" ಎಂದರು ಕುಸಾನೋ. ಅವರ ನಾಡಿನ ಹಳೆಯ ಯೋಧರ ಧರ್ಮವೇ ಅದಂತೆ. ಗೆಲುವು ಕೈಯಲ್ಲಿಲ್ಲ, ಮಾತು ಕೈಯಲ್ಲಿದೆ.

ತೊಂದರೆ ಕವಚದಿಂದ ಶುರುವಾಯಿತು. ಮುಖವೊಂದು ನುಣುಪಾಗಿರಬೇಕು, ಕವಚವೆಲ್ಲ ಒರಟಾಗಿರಬೇಕು, ಬೆಳಕು ಬಿದ್ದರೆ ಹೊಳೆಯಬಾರದು ಎನ್ನುವುದು ಅವರ ಹಟ. ಗ್ರಾನೈಟ್ ಅಂಗಡಿಯಿಂದ ಕರೆಸಿದ್ದ ಮೂವರಿಗೆ ಮೆಷಿನ್ನು ಹಿಡಿದು ಹೊಳಪು ಬರಿಸುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅವರಲ್ಲಿ ಹಿರಿಯವನಾದ ಮುನಿಶಾಮಿ, "ಹೊಳೀದಿದ್ರೆ ಗ್ರಾನೈಟ್ ಯಾಕ್ ಮೇಡಂ, ಸಿಮೆಂಟ್ ಮೆತ್ತಿದ್ರೆ ಸಾಕಿತ್ತು" ಎಂದು ಮೂಗು ಮುರಿದ. "ಇವನು ಮಣ್ಣಿನಲ್ಲಿ ಬಿದ್ದು ಎದ್ದವನು, ಮದುವೆಗೆ ಹೊರಟವನಲ್ಲ ಎಂದು ಹೇಳಿ" ಎಂದರು ಕುಸಾನೋ. ಹೇಳಿದೆ. ಮುನಿಶಾಮಿ ನಗಲಿಲ್ಲ.

ಹೇಗಿರಬೇಕೆಂದು ತೋರಿಸಲು ಕುಸಾನೋ ಒಂದು ಅಂಗೈಯಗಲದ ಕಲ್ಲಿನ ಮೇಲೆ ತಾವೇ ಉಳಿ ಹೊಡೆದು ಇಟ್ಟಿದ್ದರು. ಊಟದ ಹೊತ್ತಿನಲ್ಲಿ ಅದನ್ನು ಕೈಗೆತ್ತಿಕೊಂಡೆ. ಸಮನಾದ, ಸಾಸಿವೆಗಾತ್ರದ ಗುಳಿಗಳು, ಒಂದರ ಪಕ್ಕ ಒಂದು. ಬೆರಳಾಡಿಸಿದ ಕೂಡಲೇ ಗುರುತು ಹತ್ತಿತು. ಇದು ನಮ್ಮ ಮನೆ ಒರಳುಕಲ್ಲಿನ ಮೈ! ರುಬ್ಬಿ ರುಬ್ಬಿ ಕಲ್ಲು ನುಣ್ಣಗಾದಾಗ ಅಮ್ಮ ವರ್ಷಕ್ಕೊಮ್ಮೆ ಬೈರಮ್ಮನನ್ನು ಕೂಗಿ ಕುಟ್ಟಿಸುತ್ತಿದ್ದಳು. "ಒಳ್ಕಲ್ ಕುಟ್ಟಿಸ್ತೀರೇನ್ರವ್ವಾ" ಎಂಬ ಬೈರಮ್ಮನ ದನಿ ಬೀದಿಯ ಆ ತುದಿಯಲ್ಲಿ ಎದ್ದರೆ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಮ್ಮ ಮನೆಗೆ ಗ್ರೈಂಡರ್ ಬಂದ ಮೇಲೆ ಆ ದನಿ ಕೇಳಿರಲಿಲ್ಲ.

ಆ ಭಾನುವಾರವೇ ಕಗ್ಗದಾಸಪುರದ ಹಳೇ ಊರಿನಲ್ಲಿ ಹುಡುಕಿಕೊಂಡು ಹೋದೆ. ಬೈರಮ್ಮ ಮನೆ ಮುಂದೆ ಸೌತೆಕಾಯಿ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದಳು. ಐವತ್ತೈದು ದಾಟಿರಬೇಕು. ಮೊದಲಿನ ಹಾಗೇ ಒಣ ಕಡ್ಡಿಯ ದೇಹ, ಬಲಗೈ ಮಾತ್ರ ಗಂಡಸಿನದು.

"ಈಗ್ ಯಾರ್ ಮನೇಲೈತೆ ಅಮ್ಮಣ್ಣಿ ಒಳ್ಕಲ್ಲು? ಎಲ್ಲಾ ತಗಂಡೋಗ್ ತುಳಸಿ ಗಿಡ ನೆಟ್ಟವ್ರೆ" ಎಂದಳು.

"ಉಳಿ ಇದೆಯಾ ಬೈರಮ್ಮ?"

ಅವಳು ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಗಂಟು ತಂದು ಬಿಚ್ಚಿದಳು. ಏಳು ಉಳಿ, ಒಂದು ಸುತ್ತಿಗೆ, ಎಲ್ಲಕ್ಕೂ ಎಣ್ಣೆ ಸವರಿತ್ತು. ಕೆಲಸವಿಲ್ಲದ ಐದು ವರ್ಷವೂ ಎಣ್ಣೆ ಸವರಿಕೊಂಡೇ ಬಂದಿದ್ದಳು.

ನಮ್ಮ ಆಡಳಿತ ವಿಭಾಗದ ಮ್ಯಾನೇಜರು ವಾಜಿದ್ ಸಾಹೇಬರು. ಫ್ರೇಜರ್ ಟೌನಿನವರು, ತುಂಬಾ ಒಳ್ಳೆಯವರು, ಇಸ್ತ್ರಿ ಮುರಿಯದ ಅಂಗಿ. ತಾರೀಕು ಎಂಬ ಮಾತು ಕೇಳಿದರೆ ಮಾತ್ರ ಅವರಿಗೆ ಜ್ವರ ಬರುತ್ತಿತ್ತು. ಬೈರಮ್ಮನನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದು, "ಅರೆ, ಏನ್ ಯಮುನಾ ಇದು? ಇಂಟರ್‌ನ್ಯಾಷನಲ್ ಆರ್ಟಿಸ್ಟ್ ಪಕ್ಕ ಒಳ್ಕಲ್ ಕುಟ್ಟೋರ್ನ ಕೂರಿಸ್ತೀರಾ?" ಎಂದರು. ಕುಸಾನೋ ಅಷ್ಟರಲ್ಲಿ ಅವಳ ಮುಂದೆ ಒಂದು ತುಂಡು ಕಲ್ಲು ಇಟ್ಟಾಗಿತ್ತು. ಬೈರಮ್ಮ ನೆಲದ ಮೇಲೆ ಕೂತು, ಕಲ್ಲನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಶುರುಮಾಡಿದಳು. ಅರ್ಧ ಗಂಟೆ ಶೆಡ್ಡಿನಲ್ಲಿ ಟಕಟಕ ಶಬ್ದವೊಂದೇ. ಮುಗಿದ ಮೇಲೆ ಕುಸಾನೋ ಅಂಗೈ ಒದ್ದೆ ಮಾಡಿಕೊಂಡು ಕಲ್ಲಿನ ಮೇಲೆ ಸವರಿದರು. ತಾವು ಹೊಡೆದಿದ್ದ ಮಾದರಿಯ ಮೇಲೂ ಸವರಿದರು. ಮತ್ತೆ ಅವಳದರ ಮೇಲೆ.

"ಇದು ನನ್ನದಕ್ಕಿಂತ ಸಮನಾಗಿದೆ" ಎಂದರು.

ನಾನು ಇದನ್ನು ಕನ್ನಡದಲ್ಲಿ ಹೇಳುವಾಗ ವಾಜಿದ್ ಸಾಹೇಬರ ಮುಖ, ಮುನಿಶಾಮಿಯ ಮುಖ, ಎರಡನ್ನೂ ನೋಡಿಕೊಂಡೇ ಹೇಳಿದೆ. ಆ ಸುಖ ಬಿಡುವುದುಂಟೇ? ಬೈರಮ್ಮ ಮಾತ್ರ ಹಿಗ್ಗಲಿಲ್ಲ. ಎದ್ದು ಹೋಗಿ ಯೋಧನ ಸುತ್ತ ಒಂದು ಸುತ್ತು ಹಾಕಿದಳು.

"ಗೆದ್ದವ್ನಾ, ಸೋತವ್ನಾ?"

"ಸೋತವನಂತೆ. ಆದ್ರೆ ಓಡಿಹೋಗಿಲ್ಲವಂತೆ."

"ನಮ್ಮ ಕಡೇಲೂ ಅಂಗೇಯ" ಎಂದಳು ಬೈರಮ್ಮ. "ನಮ್ಮ ತವರೂರ್ ಕೆರೆ ಏರಿ ಮೇಲೆ ವೀರಗಲ್ಲೈತೆ. ದನ ಬಿಡಿಸ್ಕಂಡ್ ಬರಾಕೋಗಿ ಸತ್ತೋನ್ದು. ದನ ಒಡ್ಕಂಡೋಗಿ ಗೆದ್ದೋನ್ಗೆ ಯಾವ ಕಲ್ಲೂ ಇಲ್ಲ."

ಕುಸಾನೋಗೆ ಹೇಳಿದೆ. ಅವರು ಆ ಕಲ್ಲು ಎಲ್ಲಿದೆ, ಎಷ್ಟು ಎತ್ತರವಿದೆ, ಅವನ ಕೈಯಲ್ಲಿ ಏನಿದೆ ಎಂದೆಲ್ಲ ಕೇಳಿದರು. ಅವರು ಒಂದೇ ಸಮನೆ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ನೋಡಿದ್ದು.

ಬೈರಮ್ಮ ಎದೆಯಿಂದ ಶುರುಮಾಡಿದಳು. ಏಳು ಸಾಲು, ಸಾಲಿಗೆ ಹದಿಮೂರು ಹಲಗೆ. ಕುಸಾನೋ ಬೆನ್ನು, ಭುಜ, ಶಿರಸ್ತ್ರಾಣ ಹಿಡಿದರು. ಮೂರು ವಾರ ಕಳೆಯಿತು. ಯೋಧನ ಎದೆ ಬೆಳಗಿನ ಬಿಸಿಲಿನಲ್ಲಿ ಮಳೆಗೆ ನೆನೆದು ಒಣಗಿದ ನೆಲದ ಬಣ್ಣಕ್ಕೆ ಬಂತು. ಅದನ್ನು ನೋಡಲೆಂದೇ ನಾನು ದಿನಾ ಒಂದು ಬಸ್ಸು ಮುಂಚೆ ಹೊರಡುತ್ತಿದ್ದೆ.

ಎದೆ ಮುಗಿಯುವ ದಿನ ವಾಜಿದ್ ಸಾಹೇಬರು, ಕುಸಾನೋ, ನಾನು ಒಟ್ಟಿಗೇ ಶೆಡ್ಡಿಗೆ ಹೋದೆವು. ಬೈರಮ್ಮ ಪ್ರತಿಮೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಸುತ್ತಿಗೆ ಒಂದು ಕಡೆ, ಉಳಿ ಒಂದು ಕಡೆ. ಮುಖದಲ್ಲಿ ರಕ್ತವಿರಲಿಲ್ಲ.

ಕೊನೆಯ ಸಾಲಿನ ಬಲತುದಿಯ ಹಲಗೆಯ ಮೇಲೆ ಒಂದು ಮೀನಿತ್ತು.

ಹೆಬ್ಬೆರಳುದ್ದದ ಮೀನು. ಎರಡು ಬಾಗಿದ ಗೆರೆ, ಒಂದು ಬಾಲ, ಒಂದು ಕಣ್ಣು. ನನಗೆ ತಕ್ಷಣ ಅರ್ಥವಾಯಿತು. ಒರಳುಕಲ್ಲು ಕುಟ್ಟಿ ಮುಗಿಸಿದ ಮೇಲೆ ಅಂಚಿನಲ್ಲಿ ಗುರುತು ಹಾಕುವುದು ಆ ಕಸುಬಿನವರ ರೂಢಿ. ಬೈರಮ್ಮನ ಮನೆಯವರದು ಮೀನು. ನಮ್ಮ ಹಿತ್ತಲ ಕಲ್ಲಿನ ಮೇಲೂ ಇತ್ತು. ಹೊಸದಾಗಿ ಕುಟ್ಟಿದ ಕಲ್ಲಿನಿಂದ ಚಟ್ನಿಗೆ ಹರಳು ಬಂದರೆ ಮನೆಯಾಕೆಗೆ ಯಾರನ್ನು ಕರೆದು ಬೈಯಬೇಕೆಂದು ಗೊತ್ತಾಗಲಿ ಎಂದು ಹಾಕುವ ಗುರುತು ಅದು. ನಲವತ್ತು ವರ್ಷ ಕೊನೆಯ ಏಟಿನ ಹಿಂದೆಯೇ ಮೀನು ಬರೆದು ಬರೆದು, ಈವತ್ತು ಕೊನೆಯ ಏಟು ಬಿದ್ದ ಕೂಡಲೇ ಕೈ ತಾನಾಗಿ ಬರೆದುಬಿಟ್ಟಿತ್ತು.

"ಯಾ ಅಲ್ಲಾ! ಎದೆ ಮೇಲೆ ಮೀನು!" ಎಂದು ವಾಜಿದ್ ಸಾಹೇಬರು ತಲೆಯ ಮೇಲೆ ಕೈ ಹೊತ್ತರು.

ಕುಸಾನೋ ಹತ್ತಿರ ಹೋಗಿ ಬಾಗಿ ನೋಡಿದರು. "ಇದೇನು?" ಎಂದು ನನ್ನನ್ನು ಕೇಳಿದರು.

"ಕೈ ತಪ್ತು ಅಂತೇಳಮ್ಮಣ್ಣಿ" ಎಂದಳು ಬೈರಮ್ಮ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನನ್ ಕೈ ತಪ್ತು ಅನ್ನು."

ನಾನು ಏನು ಮಾಡಿದೆ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಬೈರಮ್ಮನನ್ನು ಇವರು ಕಳಿಸಿಬಿಡುತ್ತಾರೆ, ಕರೆದುಕೊಂಡು ಬಂದ ನನ್ನ ಮರ್ಯಾದೆಯೂ ಹೋಗುತ್ತದೆ ಎಂದು ಒಂದು ಕ್ಷಣದಲ್ಲಿ ಲೆಕ್ಕ ಹಾಕಿದೆ. "ಇದು ನಮ್ಮ ಕಡೆಯ ಸಂಪ್ರದಾಯ. ದೊಡ್ಡ ಕೆಲಸ ಮುಗಿದಾಗ ಕಲ್ಲಿಗೆ ಆಶೀರ್ವಾದವಾಗಿ ಈ ಶುಭಚಿಹ್ನೆ ಕೆತ್ತುತ್ತಾರೆ" ಎಂದು ಜಪಾನೀಯಲ್ಲಿ ಹೇಳಿದೆ. ಅಷ್ಟಕ್ಕೆ ಬಿಟ್ಟೆನೇ? ಅವರ ದೇಶದಲ್ಲೂ ಮೀನು ಧೈರ್ಯದ ಗುರುತಲ್ಲವೇ ಎಂದು ತರಗತಿಯಲ್ಲಿ ಕಲಿತದ್ದನ್ನೂ ಸೇರಿಸಿದೆ. ಕುಸಾನೋ ಬಹಳ ಹೊತ್ತು ಮೀನನ್ನು ನೋಡಿದರು. ಆಮೇಲೆ ತಲೆ ಬಾಗಿಸಿ, "ಹಾಗೋ" ಎಂದು ಹೊರಟುಹೋದರು.

"ಇಷ್ಟ್ ಬೇಗ ಒಪ್ಕಂಡ್ನಾ?" ಎಂದಳು ಬೈರಮ್ಮ.

"ಒಪ್ಪಿದ್ರು. ದೊಡ್ಡ ಮನುಷ್ಯರು ಬೈರಮ್ಮ."

ಮನೆಗೆ ಹೋಗುವಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಎರಡು ಭಾಷೆ ಬಲ್ಲವಳು ಮನಸ್ಸು ಮಾಡಿದರೆ ಒಂದು ಬಾಳನ್ನೇ ಉಳಿಸಬಹುದು ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಬೀಗಿದ್ದೇ ಬೀಗಿದ್ದು.

ಮೂರನೆಯ ದಿನ ಎಲ್ಲ ಹಾಳು ಮಾಡಿದವರು ವಾಜಿದ್ ಸಾಹೇಬರು. ಅವರಿಗೂ ನಾನು ಅದೇ ಕತೆ ಹೇಳಿದ್ದೆ. ಅವರು ಅದನ್ನು ಮನಸಾರೆ ನಂಬಿ, ಸಮಾರಂಭದ ಪುಸ್ತಿಕೆಗೆ ಬರೆಸಿ, ಬೈರಮ್ಮನಿಗೆ ಸಂತೋಷವಾಗಲಿ ಎಂದು ಶೆಡ್ಡಿಗೆ ಹೋಗಿ ಓದಿ ಹೇಳಿದರು. "ನಿಮ್ಮ ಮೀನು ಬುಕ್‌ನಲ್ಲಿ ಬರ್ತದೆ ಬೈರಮ್ಮ, ಫೋಟೋ ಸಮೇತ! ಆಶೀರ್ವಾದದ ಮೀನು ಅಂತ!"

ಹತ್ತು ನಿಮಿಷದಲ್ಲಿ ಬೈರಮ್ಮ ನನ್ನ ಮೇಜಿನ ಮುಂದೆ ನಿಂತಿದ್ದಳು. ಸೆರಗಿನ ತುಂಬಾ ಕಲ್ಲಿನ ಪುಡಿ.

"ಅವತ್ ನಾನೇನಂದೆ?"

"ಕೈ ತಪ್ಪಿತು ಅಂದ್ರಿ."

"ನೀನೇನಂದೆ?"

ನಾನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ.

"ಚಟ್ನೀಲಿ ಕಲ್ ಬಂದ್ರೆ ಕರೆದ್ ಬೈಲಿ ಅಂತ ಹಾಕೋ ಗುರ್ತು ಕಣವ್ವ ಅದು. ಅದ್ನ ದೇವ್ರು ಮಾಡ್ಬಿಟ್ಟಲ್ಲ."

"ನಿಮ್ಮನ್ನ ಕೆಲಸದಿಂದ ತೆಗೀತಿದ್ರು ಬೈರಮ್ಮ."

"ತೆಗೀಲಿ! ಇಂದ್ರಾನಗರದಾಗೆ, ಅಲಸೂರ್ನಾಗೆ, ನಿಮ್ ತಿಪ್ಸಂದ್ರದಾಗೆ ಎಷ್ಟ್ ಮನೇಲಿ ನನ್ನ ಬೈದವ್ರೆ ಗೊತ್ತಾ? ಆಳ ಆಯ್ತು ಅಂದವ್ರೆ, ತೆಳ್ಳಗಾಯ್ತು ಅಂದವ್ರೆ. ಕೂತ್ಕಂಡ್ ಮತ್ತೆ ಒಡ್ಕೊಟ್ಟಿವ್ನಿ. ಬೈರಮ್ಮ ಸುಳ್ಳೇಳಿ ತಪ್ಪಿಸ್ಕಂಡ್ಲು ಅಂತ ಒಬ್ರೂ ಅಂದಿಲ್ಲ. ನಡಿ, ಅವಪ್ಪನ್ಗೇಳು."

ಸುಳ್ಳು ಹೇಳಿದ ದುಭಾಷಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವಳ ಕೆಲಸದ ಜೊತೆ ನನ್ನದೂ ಹೋಗುವುದು ಖಂಡಿತ. ಯಾರಿಗೂ ನಷ್ಟವಿಲ್ಲ, ಇನ್ನು ಹನ್ನೊಂದೇ ದಿನ ಉಳಿದಿದೆ, ಅವರೇ ಒಪ್ಪಿಕೊಂಡ ಮೇಲೆ ನಮಗೇಕೆ ಎಂದು ಏನೇನೋ ಹೇಳಿದೆ. ಬೈರಮ್ಮ ಪೂರ್ತಿ ಕೇಳಿಸಿಕೊಂಡಳು.

"ನೀ ಏಳ್ದಿದ್ರೆ ನಾನೇ ಏಳ್ತೀನಿ" ಎಂದು ತಿರುಗಿ ನಡೆದಳು.

ನಾನು ಹಿಂದೆ ಓಡಿದೆ. ಕುಸಾನೋ ಯೋಧನ ಬೆನ್ನ ಹಿಂದೆ ಏಣಿಯ ಮೇಲಿದ್ದರು. ಬೈರಮ್ಮ ಅವರನ್ನು ಕೈಬೀಸಿ ಕೆಳಗಿಳಿಸಿದಳು. ಮೀನಿನ ಮೇಲೆ ಬೆರಳಿಟ್ಟಳು, ತನ್ನ ಬಲಗೈಯನ್ನು ಎತ್ತಿ ತೋರಿಸಿದಳು, ಆಮೇಲೆ ಎರಡೂ ಕೆನ್ನೆ ಬಡಿದುಕೊಂಡಳು. ದೇವಸ್ಥಾನದಲ್ಲಿ ತಪ್ಪಾಯಿತೆಂದು ಬಡಿದುಕೊಳ್ಳುತ್ತೇವಲ್ಲ, ಹಾಗೆ. ಕುಸಾನೋ ಅವಳನ್ನು ನೋಡಿ ನನ್ನ ಕಡೆ ತಿರುಗಿದರು.

ಇನ್ನು ದಾರಿಯಿರಲಿಲ್ಲ. ಮೀನು ಕೈತಪ್ಪಿ ಬಂದದ್ದು, ಅದು ಯಾವ ಆಶೀರ್ವಾದವೂ ಅಲ್ಲ, ಇವರು ಆವತ್ತೇ ನಿಜ ಹೇಳಿದ್ದರು, ನಾನು ಬದಲಾಯಿಸಿ ಹೇಳಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ನಾಲ್ಕು ವರ್ಷ ಕಲಿತ ಭಾಷೆ ಆವತ್ತು ಬಾಯಲ್ಲಿ ತೊದಲಿತು.

ಕುಸಾನೋ ಒಂದು ಕಲ್ಲಿನ ಮೇಲೆ ಕೂತರು. ಶೆಡ್ಡಿನ ತಗಡು ಬಿಸಿಲಿಗೆ ಚಟಪಟ ಎನ್ನುತ್ತಿತ್ತು.

"ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ" ಎಂದರು. "ಆ ಮೀನು ನನ್ನ ಇಡೀ ಕೆಲಸವನ್ನು ಕೆಡಿಸಿತ್ತು. ಆದರೆ ನಾನು ಈ ಊರಿಗೆ ಅತಿಥಿ. ಮನೆಯವರ ದೇವರನ್ನು ಅಳಿಸಿ ಎಂದು ಅತಿಥಿ ಹೇಳಬಾರದು. ಅದಕ್ಕೆ ಸುಮ್ಮನಿದ್ದೆ." ಎದ್ದು ನಿಂತರು. ಅವರ ಮುಖದ ಮೇಲೆ ಕೋಪ ಹುಡುಕಿದೆ. ಕಂಡದ್ದು ನೆಮ್ಮದಿ. "ತಪ್ಪು ಎಂದಾದರೆ ಬೇರೆ ಮಾತು. ತಪ್ಪನ್ನು ತೆಗೆಯಬಹುದು. ಅವರನ್ನು ಕೇಳಿ, ಎಷ್ಟು ದಿನ ಬೇಕು?"

ನಾನು ಹೇಳುವ ಮುಂಚೆ ನನ್ನನ್ನು ತಡೆದರು. "ಇನ್ನು ಮುಂದೆ ಅವರು ಹೇಳಿದ್ದನ್ನು ಮಾತ್ರ ನನಗೆ ಹೇಳಿ. ನಾನು ಹೇಳಿದ್ದನ್ನು ಮಾತ್ರ ಅವರಿಗೆ." ಅಷ್ಟೇ. ಅದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ವಾಸಿಯಿತ್ತು. ನಾನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಬೈರಮ್ಮನಿಗೆ ಅಕ್ಷರ ಬಿಡದೆ ಹೇಳಿದೆ, ನನಗೆ ಬಿದ್ದ ಮಾತನ್ನೂ ಸೇರಿಸಿ.

ಬೈರಮ್ಮನ ಮುಖ ಅರಳಿತು. ಕ್ಷಮಿಸಿದ್ದರೆ ಅವಳು ಅಷ್ಟು ಹಿಗ್ಗುತ್ತಿರಲಿಲ್ಲ. "ನೋಡ್ದಾ? ಸಿಟ್ಟಿತ್ತು ಅವಪ್ಪಂಗೆ. ಇರ್ಲೇಬೇಕು! ಈಗ ನನ್ನ ಕಸುಬಿನೋಳು ಅಂತ ನೋಡ್ದ." ಎದೆಯ ಮೇಲೆ ಅಂಗೈಯಿಟ್ಟು ಅಳೆದಳು. "ಮೀನೊಂದ್ನೇ ತೆಗೆದ್ರೆ ಅಲ್ ಗುಣಿ ಬೀಳ್ತದೆ. ಇಡೀ ಎದೆ ಒಂದ್ ಅಕ್ಕಿಕಾಳ್ನಷ್ಟು ಇಳೀಬೇಕು. ಎಲ್ಲಾ ಸಾಲೂವೆ. ಒಂಬತ್ ದಿನ ಅಂತೇಳು."

ಎದೆ ಇಳಿದರೆ ಪಕ್ಕೆಯೂ ಬೆನ್ನೂ ಅದಕ್ಕೆ ಸರಿಯಾಗಿ ಇಳಿಯಬೇಕು, ಅದು ತಮ್ಮ ಪಾಲು ಎಂದರು ಕುಸಾನೋ. ಸುದ್ದಿ ಕೇಳಿ ಓಡಿಬಂದ ವಾಜಿದ್ ಸಾಹೇಬರು ಕೈ ಕೈ ಹಿಸುಕಿಕೊಂಡರು. "ಬೇಡ, ಬೇಡ! ಡೇಟ್ ಫಿಕ್ಸ್ ಆಗಿದೆ. ಆ ಜಾಗಕ್ಕೆ ಒಂದು ದಪ್ಪ ಹಾರ ಹಾಕಿದ್ರೆ ಯಾರಿಗೂ ಕಾಣಲ್ಲ ಅಂತ ಹೇಳಿ ಯಮುನಾ." ಹೇಳಿದೆ, ಇದ್ದ ಹಾಗೇ. "ಹಾರ ಮೂರು ದಿನಕ್ಕೆ ಒಣಗುತ್ತದೆ" ಎಂದರು ಕುಸಾನೋ. ಅದನ್ನೂ ಇದ್ದ ಹಾಗೇ ಹೇಳಿದೆ. ವಾಜಿದ್ ಸಾಹೇಬರು ಸ್ವಲ್ಪ ಹೊತ್ತು ಮೀನನ್ನೇ ನೋಡುತ್ತಾ ನಿಂತರು. ಆಮೇಲೆ ಹೋಗಿ ಪುಸ್ತಿಕೆಯ ಆ ಪುಟ ತೆಗೆಸಿ, ಶೆಡ್ಡಿಗೆ ಎರಡು ಫ್ಯಾನು ಹಾಕಿಸಿದರು.

ಆ ಒಂಬತ್ತು ದಿನ ನಾನು ಮರೆಯುವಂತಿಲ್ಲ. ಮಾರ್ಚ್ ಬಿಸಿಲು, ತಗಡಿನ ಸೂರು, ಕಲ್ಲಿನ ಪುಡಿ. ಬೈರಮ್ಮ ಏಳು ಗಂಟೆಗೆ ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದಳು. ತೊಂಬತ್ತೊಂದು ಹಲಗೆ, ಮೂರು ವಾರ ಕೂತು ಮಾಡಿದ್ದನ್ನೆಲ್ಲ ಮೊದಲಿನಿಂದ. ನಾಲ್ಕನೆಯ ದಿನ ಹೆಬ್ಬೆರಳು ಸೀಳಿತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಕೂತಳು. ಒಂದು ಸಲವೂ ಯಾಕಾದರೂ ಬಾಯಿಬಿಟ್ಟೆನೋ ಎಂದು ಅವಳು ಅಂದದ್ದು ನನಗೆ ಕೇಳಿಸಲಿಲ್ಲ. ಕುಸಾನೋ ಹಿಂದೆ, ಅವಳು ಮುಂದೆ, ನಡುವೆ ಕಲ್ಲಿನ ಯೋಧ. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಅವಳ ಹುಚ್ಚೆಳ್ಳು ಚಟ್ನಿ ಅವರ ಅನ್ನದ ಡಬ್ಬಿಗೆ ಹೇಗೆ ಹೋಗತೊಡಗಿತೋ ಗೊತ್ತಿಲ್ಲ, ಅದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಆರನೆಯ ದಿನ ಮುನಿಶಾಮಿ ತಾನಾಗಿ ಒಂದು ಬಕೆಟ್ ನೀರು ತಂದು, ಪುಡಿ ಏಳದಂತೆ ಕಲ್ಲಿಗೆ ಚಿಮುಕಿಸುತ್ತಾ ನಿಂತ. ಬೈರಮ್ಮ ಹೇಳಿದ ಕಡೆ ಚಿಮುಕಿಸಿದ, ಬೇಡವೆಂದಾಗ ನಿಲ್ಲಿಸಿದ.

ಹೇಳಿದ ಒಂಬತ್ತನೆಯ ಸಂಜೆ ಎದೆ ಮುಗಿಯಿತು. ಕುಸಾನೋ ಒದ್ದೆ ಅಂಗೈ ಸವರಿ ನೋಡಿ ತಲೆಯಾಡಿಸಿದರು. ಮಾರನೆಯ ದಿನ ಕ್ರೇನ್ ತಂದು ಯೋಧನನ್ನು ಕಾರ್ಖಾನೆಯ ಮುಂದಿನ ಕಟ್ಟೆಗೆ ಏರಿಸಿದರು.

ಸಮಾರಂಭದ ಬೆಳಿಗ್ಗೆ ಶಾಮಿಯಾನ, ನಾದಸ್ವರ, ಮಾವಿನ ತೋರಣ, ಸಾಲು ಕುರ್ಚಿ. ಕುಸಾನೋ ಕಪ್ಪು ಸೂಟಿನಲ್ಲಿದ್ದರು. ಅವರ ಉಪಕರಣದ ಪೆಟ್ಟಿಗೆಗಳು ಆಗಲೇ ವ್ಯಾನು ಹತ್ತಿ ವಿಮಾನ ನಿಲ್ದಾಣಕ್ಕೆ ಹೋಗಿದ್ದವು. ಬೈರಮ್ಮ ಹಸಿರು ಸೀರೆಯುಟ್ಟು, ಉಳಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದಳು. ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲವಂತೆ. ಪರದೆ ಹಾಕುವ ಮುಂಚೆ ಒಂದು ಸಲ ನೋಡಿಬಿಡುತ್ತೇನೆಂದು ಕಟ್ಟೆ ಹತ್ತಿ ಯೋಧನ ಸುತ್ತ ಕೈಯಾಡಿಸುತ್ತಾ ನಡೆದಳು. ಹಿಂದೆ ಹೋದವಳು ಅಲ್ಲೇ ನಿಂತಳು.

"ಅಮ್ಮಣ್ಣಿ, ಬಾ ಇಲ್ಲಿ."

ಹೋದೆ. ಶಿರಸ್ತ್ರಾಣದ ಅಂಚಿನ ಕೆಳಗೆ, ಕತ್ತು ಭುಜಕ್ಕೆ ಸೇರುವ ಕಡೆ ಅವಳ ಅಂಗೈಯಿತ್ತು. "ಇಲ್ ಏಟು ಆಳ ಬಿದ್ದೈತೆ. ಒಂದ್ ಬೊಗಸೆಯಷ್ಟ್ ಜಾಗ. ಪಕ್ಕದ್ದಕ್ಕೂ ಇದ್ಕೂ ಕೂಡ್ತಿಲ್ಲ."

ಅದು ಕುಸಾನೋ ಹೊಡೆದ ಭಾಗ. ಗೇಟಿನ ಹತ್ತಿರ ಕಾರುಗಳ ಸದ್ದು ಕೇಳುತ್ತಿತ್ತು.

"ಬೈರಮ್ಮ, ಅಧ್ಯಕ್ಷರು ಬಂದೇಬಿಟ್ರು. ಇದು ಹಿಂದುಗಡೆ, ನೆರಳಲ್ಲಿದೆ, ಯಾರಿಗೂ ಕಾಣಲ್ಲ."

ಬೈರಮ್ಮ ನನ್ನನ್ನು ನೋಡಿದಳು. ಬೈಯಲೂ ಇಲ್ಲ. "ನನ್ ತಪ್ಪಾಗಿದ್ರೆ ಅವಪ್ಪ ಬಿಡ್ತಿದ್ನಾ? ಅವಂದೂ ಬಿಡ್ಬಾರ್ದು. ಅವಪ್ಪನ್ಗೇಳು."

ನಾನು ಕುಸಾನೋ ಹತ್ತಿರ ಹೋಗಿ, ಎಲ್ಲರೆದುರು, ಅವಳಂದದ್ದನ್ನು ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದೆ. ಅವರು ಕಟ್ಟೆ ಹತ್ತಿ ತಾವೂ ಅಂಗೈಯಿಟ್ಟು ಕಣ್ಣು ಮುಚ್ಚಿದರು. ತೆಗೆದಾಗ ಮುಖ ಕೆಂಪಾಗಿತ್ತು. ಕೋಟು ಬಿಚ್ಚಿ ಮುನಿಶಾಮಿಯ ಕೈಗೆ ಕೊಟ್ಟರು. ಟೈ ಬಿಚ್ಚಿ ಜೇಬಿಗಿಟ್ಟರು. ಬೈರಮ್ಮನ ಕಡೆ ಕೈ ಚಾಚಿದರು. ಬೈರಮ್ಮ ಗಂಟು ಬಿಚ್ಚಿ, ಏಳರಲ್ಲಿ ಒಂದನ್ನು ಆರಿಸಿ, ಸುತ್ತಿಗೆಯ ಸಮೇತ ಕೊಟ್ಟಳು.

ನಾದಸ್ವರದವರು ಏನೂ ತಿಳಿಯದೆ ಊದುತ್ತಲೇ ಇದ್ದರು. ಅಧ್ಯಕ್ಷರು ಕಾರಿನಿಂದಿಳಿದು ಹಾರ ಹಾಕಿಸಿಕೊಂಡು ಬಂದರೆ ಶಿಲ್ಪಿ ಬಿಳಿ ಅಂಗಿಯ ತೋಳು ಮಡಚಿ ಪ್ರತಿಮೆಯ ಕತ್ತಿನ ಹಿಂದೆ ಉಳಿ ಹೊಡೆಯುತ್ತಿದ್ದಾರೆ, ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ವಾಜಿದ್ ಸಾಹೇಬರು ಕರವಸ್ತ್ರ ಹಿಂಡಿಕೊಳ್ಳುತ್ತಿದ್ದರು.

"ಏನು ನಡೆಯುತ್ತಿದೆ?" ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

"ಈಕೆ ಬೈರಮ್ಮ. ಒರಳುಕಲ್ಲು ಕುಟ್ಟುವ ಕಸುಬಿನವರು. ಯೋಧನ ಎದೆ ಇವರ ಕೆಲಸ. ಕುಸಾನೋ ಅವರ ಕೆಲಸದಲ್ಲಿ ಈಕೆ ತಪ್ಪು ಹಿಡಿದಿದ್ದಾರೆ, ಅವರು ತಿದ್ದುತ್ತಿದ್ದಾರೆ. ಮುಗಿಯುವ ತನಕ ಕಾಯಬೇಕಾಗುತ್ತದೆ" ಎಂದೆ.

ಅಧ್ಯಕ್ಷರು ಕುರ್ಚಿಯ ಕಡೆ ನೋಡಿದರು, ಕೂರಲಿಲ್ಲ. ಬಿಸಿಲಿನಲ್ಲೇ ನಿಂತರು. ಅವರು ನಿಂತದ್ದು ನೋಡಿ ಕೂತಿದ್ದ ಇನ್ನೂರು ಜನವೂ ಎದ್ದು ನಿಂತರು. ನಾದಸ್ವರ ನಿಂತಿತು. ಇಪ್ಪತ್ತು ನಿಮಿಷ ಉಳಿಯ ಟಕಟಕ ಒಂದೇ.

ಕುಸಾನೋ ಹಿಂದೆ ಸರಿದರು. ಬೈರಮ್ಮ ಅಂಗೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಮೇಲಿಂದ ಕೆಳಕ್ಕೆ ಸವರಿದಳು. ಒಂದು ಕಡೆ ಬೆರಳು ನಿಂತಿತು.

"ಇನ್ನೆರಡೇಟು."

ಹೇಳಿದೆ. ಕುಸಾನೋ ಎರಡೇ ಏಟು ಹೊಡೆದರು. ಬೈರಮ್ಮ ಮತ್ತೆ ಸವರಿದಳು. ಟೋಕಿಯೋದಿಂದ ಬಂದವರು, ದೆಹಲಿಯಿಂದ ಬಂದವರು, ನಮ್ಮ ವಾಜಿದ್ ಸಾಹೇಬರು, ಎಲ್ಲರ ಕಣ್ಣೂ ಕಗ್ಗದಾಸಪುರದ ಆ ಅಂಗೈಯ ಮೇಲಿತ್ತು. ಅವಳನ್ನು ಕರೆದುಕೊಂಡು ಬಂದವಳು ನಾನು ಎಂದು ಕೂಗಿ ಹೇಳಬೇಕೆನ್ನಿಸಿತು.

"ಈಗ್ ಕೂಡ್ತು" ಎಂದಳು ಬೈರಮ್ಮ. ಉಳಿಯನ್ನು ವಾಪಸು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು. "ಕೋಟ್ ಆಕ್ಕಳಾಕೇಳು. ಪರದೆ ಕಟ್ಲಿ, ಇನ್ ತೆಗೀಬೋದು ಅನ್ನು."

ನಾನು ಇನ್ನೂರು ಜನಕ್ಕೂ ಕೇಳಿಸುವ ಹಾಗೆ, ಕೋಟಿನ ಮಾತನ್ನೂ ಬಿಡದೆ ಹೇಳಿದೆ.